ಬೂದಿ ತೊಳೆಯುವವಳು

ಮುರಾದಾಬಾದಿನ ಬೆನ್ನ ಹಿಂದೆ, ರಾಮಗಂಗೆಯ ಕರಿದಂಡೆಯಲ್ಲಿ
ದುಪಟ್ಟಾ ಸೊಂಟಕ್ಕೆ ಬಿಗಿದು ಕೂತಿದ್ದಾಳೆ ನಸೀಮನ್.
ಮುಂದೊಂದು ಗುಂಡಿ, ಗುಂಡಿಯಲ್ಲಿ ಹೊಳೆನೀರು,
ನೀರಲ್ಲಿ ಜರಡಿ, ಜರಡಿಯಲ್ಲಿ ಬೂದಿ.
ಹೊಳೆಯಲ್ಲಿ ಹುಣಸೆ ಕಿವುಚಿದ ಹಾಗೆ, ಅನ್ನುತ್ತೀರಿ ನೀವು.
ಅಲ್ಲ. ಇಲ್ಲಿ ಹುಳಿಯೆಲ್ಲ ಹೊಳೆಗೇ,
ಬೀಜ ಮಾತ್ರ ಅವಳಿಗೆ:
ಸಂಜೆಗೆ ಒಂದು ಹಿಡಿ ತಾಮ್ರದ ಕಾಳು.
ಅದೂ ಅವಳಿಗಲ್ಲ,
ಬುಂದೂ ಸೇಠನ ತಕ್ಕಡಿಗೆ.

ಒಲೆಯ ಬೂದಿಯಲ್ಲ ಇದು.
ಪಾತ್ರೆ ಬೆಳಗುವುದಲ್ಲ, ಹಣೆಗಿಡುವುದಂತೂ ಅಲ್ಲ.
ನಿನ್ನೆ ರಾತ್ರಿಯವರೆಗೆ ಇದಕ್ಕೆ ಬೇರೆ ಬೇರೆ ಹೆಸರಿತ್ತು:
ಯಾವುದೋ ಬ್ಯಾಂಕಿನ ಲೆಕ್ಕ,
ಯಾರದೋ ಮದುವೆಯ ಆರುನೂರು ಫೋಟೋ,
ಬರೆದೂ ಕಳಿಸದೆ ಇಟ್ಟುಕೊಂಡ ಒಂದು ರಾಜೀನಾಮೆ.
ಬೆಂಕಿಗೆ ಓದು ಬರುವುದಿಲ್ಲ.
ಹಸಿರು ಹಲಗೆ ಹಾಕಿದರೆ ನೀಲಿಯಾಗಿ ಉರಿಯುತ್ತದೆ ಅಷ್ಟೆ,
ನವಿಲು ಗರಿ ಬಿಚ್ಚಿದಂತೆ.
ಮೊದಲ ರಾತ್ರಿ ಅವಳೂ ನಿಂತು ನೋಡಿದ್ದಳು.
ಬೆಳಿಗ್ಗೆ ಎದ್ದರೆ, ನಾಣ್ಯ ಚೀಪುತ್ತ ಮಲಗಿದ್ದಂಥ ಬಾಯಿ.
ಆ ರುಚಿಗೆ ಈಗ ಹದಿಮೂರು ವರ್ಷ.

ಗಂಡ ಶಬ್ಬನ್ ಮಿಯಾ ಹಿತ್ತಾಳೆಯ ಕೆತ್ತನೆಗಾರ.
ಹೂಜಿಯ ಕೊರಳಿಗೆ ಬಳ್ಳಿ ಬಿಡಿಸುತ್ತಿದ್ದ, ಉಳಿ ಎತ್ತದೆ,
ಹೊರಟಲ್ಲಿಗೇ ಬಂದು ಕೂಡುವ ಬಳ್ಳಿ.
ಆಮೇಲೆ ಹೂಜಿ ಕೊಳ್ಳುವವರಿಲ್ಲ. ಕುಲುಮೆ ಇತ್ತು, ಕೈ ಇತ್ತು,
ಹೊಟ್ಟೆಯಂತೂ ಇದ್ದೇ ಇತ್ತು.
ಮೊದಲ ಹಲಗೆಯನ್ನು ಬೆಳಕಿಗೆ ಹಿಡಿದು ಅವನು ಅಂದದ್ದು:
"ಯಾರ ಕೆಲಸವೋ, ನೋಡೇ, ಎಷ್ಟು ಸಣ್ಣ ಕೈ!"
ಮೂರು ಸಲ ಹೊರಳಿಸಿ ನೋಡಿದ ಮೇಲೇ ಬೆಂಕಿಗೆ ಹಾಕಿದ್ದು.
ಆ್ಯಸಿಡ್ ತೊಟ್ಟಿಯ ಪಕ್ಕ ಎಂಟು ವರ್ಷ.
ಕೊನೆಗೆ ಅವನ ಕೆಮ್ಮು ಇಡೀ ಗಲ್ಲಿಗೆ ಗೊತ್ತಿತ್ತು,
ಬೆಳಗಿನ ಬಾಂಗಿಗೆ ಮೊದಲು ಅದಕ್ಕೇ ಏಳುತ್ತಿದ್ದರು ಜನ.

ಆಚೆ ದಡದ ಮರಳಲ್ಲಿ ಕರ್ಬೂಜ ಬೆಳೆಯುವ ನನ್ಹೇಲಾಲ್ ಹೇಳುತ್ತಾನೆ:
ಹಣ್ಣು ದಪ್ಪ ಬಂದಿದೆ, ಸಿಹಿಯೂ ಇದೆ,
ಪೇಟೆಯಲ್ಲಿ ಕೇಳಿದಷ್ಟು ಕೊಡುತ್ತಾರೆ,
ಮನೆಯಲ್ಲಿ ಮಾತ್ರ ತಿನ್ನುವುದಿಲ್ಲ.

ಮೊಮ್ಮಗ ತಯ್ಯಬ್‌ಗೆ ಏಳು.
ಮೂಟೆ ಬಿಚ್ಚಿದರೆ ಕೀಲಿಮಣೆ ಅವನ ಪಾಲು;
ಸುಟ್ಟರೂ ಗಿಟ್ಟುವುದಿಲ್ಲವೆಂದು ಸೇಠ್ ಕೇಳುವುದಿಲ್ಲ.
ಚಮಚದ ಹಿಡಿಯಿಂದ ಒಂದೊಂದೇ ಅಕ್ಷರ ಎಬ್ಬಿಸುತ್ತಾನೆ,
ಅವರೆಕಾಳು ಹಿತಕಿದ ಹಾಗೆ.
ಶಾಲೆಯಲ್ಲಿ ಮೇಡಂ ಇಂಗ್ಲಿಷ್ ಅಕ್ಷರಮಾಲೆ ಕೇಳಿದಾಗ
ಎದ್ದು, ಕೈ ಕಟ್ಟಿ, ಉಸಿರು ಬಿಡದೆ ಒಪ್ಪಿಸಿದ:
ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ...
ತರಗತಿ ಗೊಳ್ಳೆಂದಿತು. "ಎ ಎಲ್ಲಿ ಹೋಯ್ತೋ?"
"ಎರಡನೇ ಸಾಲು ಮೇಡಂ, ಎಡತುದಿ. ಯಾವಾಗಲೂ ಅಲ್ಲೇ ಇರುತ್ತೆ.
ಒಂದೊಂದು ಸಲ ಸವೆದು ಕಾಣಲ್ಲ, ಅಷ್ಟೆ."

ಗುರುವಾರ ರಾತ್ರಿ ನಸೀಮನ್
ಗಂಡ ಕೆತ್ತಿದ ಕಡೆಯ ಹೂಜಿ ಇಳಿಸಿ ಹುಣಸೆ ಹಚ್ಚಿ ತಿಕ್ಕುತ್ತಾಳೆ.
ಬಳ್ಳಿಯ ಸಂದಿಯ ಕಪ್ಪು ಬಿಡುತ್ತದೆ,
ಅಂಗೈ ಗೆರೆಯ ಕಪ್ಪು ಬಿಡುವುದಿಲ್ಲ.
ಹುಳಿ ತಾಗಿ ಬಿರುಕುಗಳೆಲ್ಲ ಉರಿಯುತ್ತವೆ,
ಕಿರುಬೆರಳೊಂದಕ್ಕೆ ಏನೂ ತಿಳಿಯದು, ಎರಡು ವರ್ಷದಿಂದ.
ಕೈಪಂಪಿನ ನೀರು ಹಳದಿ. ತೊಳೆಯುವುದಕ್ಕೂ ಅದೇ, ಕುಡಿಯುವುದಕ್ಕೂ.
ನಗರಪಾಲಿಕೆಯವರು ಒಮ್ಮೆ ಬಂದು
ಪಂಪಿಗೆ ಕೆಂಪು ಬಣ್ಣ ಬಳಿದು ಹೋದರು.
ಬಣ್ಣ ಚೆನ್ನಾಗಿದೆ.

ತಯ್ಯಬ್ ನೆಲದ ಮೇಲೆ ಅಜ್ಜಿಯ ಹೆಸರು ಕೂಡಿಸುತ್ತಿದ್ದಾನೆ.
ಒಂದು ಮಣೆಗೆ ಒಂದೊಂದೇ ಅಕ್ಷರ,
ಅವಳ ಹೆಸರಿಗೋ ಎನ್ ಎರಡು ಬೇಕು, ಎ ಎರಡು, ಇ ಎರಡು.
ಎನ್, ಎ, ಎಸ್, ಇ,
ಒಂದು ಹುಣಸೆ ಬೀಜ,
ಎಮ್,
ಮತ್ತೆರಡು ಬೀಜ.
"ದಾದಿಮಾ, ಇನ್ನೊಂದು ಮಣೆ ಯಾವಾಗ ಬರುತ್ತೆ?"

ಎಲ್ಲೋ ಯಾರೋ ಅದನ್ನಿನ್ನೂ ಕುಟ್ಟುತ್ತ ಕೂತಿರಬಹುದು.
ಓದು ಬಾರದ ನಸೀಮನ್
ಬೀಜ ತುಳಿಯದ ಹಾಗೆ ತನ್ನ ಹೆಸರು ದಾಟಿ
ದೀಪ ಆರಿಸುತ್ತಾಳೆ.
"ಬರುತ್ತೆ, ಮಲಗು. ಮಂಗಳವಾರ ಲಾರಿ ಇದೆ."